ಬೀಟಲ್ಸ್ ಪಾಲಾದ ಶುದ್ದಿ, ಎರಡು ಸಿನೆಮಲ್ಲಿ

ಬೀಟಲ್ಸ್ ಹೇಳ್ತ ಇಂಗ್ಲೇಂಡಿನ ಸಂಗೀತದ ಮೇಳ ಒಡದು ಐವತ್ತೊಂದು ವರ್ಷ ಕಳುದ ಮತ್ತೆ ಅವರ ಅಭಿಮಾನಿಗೊ ಇನ್ನೊಂದರಿ ಪಂಚಾತಿಗೆಗೆ ಕೂದವು. 2021ರ ನವೆಂಬರ್ 25, 26, 27ಕ್ಕೆ, ಮೂರು ದಿನ ಮೂರು ಕಂತಿಲಿ, 'ಗೆಟ್ ಬ್ಯಾಕ್' ಹೇಳ್ತ ಸಿನೆಮ ಬಂತು. ಒಟ್ಟು ಎಂಟು ಗಂಟೆಗೆ ಹತ್ತು ಹನ್ನೆರಡು ನಿಮಿಷ ಕಮ್ಮಿ. ಮಾಡಿದ್ದು ನ್ಯೂಜಿಲೇಂಡಿನ ಪೀಟರ್ ಜಾಕ್ಸನ್, 'ಲಾರ್ಡ್ ಆಫ್ ದ ರಿಂಗ್ಸ್' ಮಾಡಿದವನೇ. ಸುರುವಾಣ ರಜ್ಜ ಪೂರ್ವಕಥೆ ಬಿಟ್ಟರೆ ಅದರಲ್ಲಿಪ್ಪದೆಲ್ಲ 1969ರ ಜನವರಿಲಿ ತೆಗದು ಮಡುಗಿದ ಚಿತ್ರವೇ. ಅದೇ ರೀಲುಗಳಿಂದ 1970ರಲ್ಲಿಯೂ ಒಂದು ಸಿನೆಮ ಬಂದಿತ್ತಿದ್ದು, 'ಲೆಟ್ ಇಟ್ ಬಿ' ಹೇಳಿ. ಅದು ಒಂದು ಗಂಟೆ ಇಪ್ಪತ್ತು ನಿಮಿಷದ್ದು. ಆ ಮದಲಾಣದ್ದರ ನೋಡಿ ಅಭಿಮಾನಿಗೊ ಐವತ್ತು ವರ್ಷ ಒಂದು ತೀರ್ಪು ಹೇಳಿಗೊಂಡು ಬಂದವು. ಎರಡ್ಣೇದರ ನೋಡಿಕ್ಕಿ, ಆ ತೀರ್ಪಿನ ಮಡುಗೆಕ್ಕೋ ಬಿಡೆಕ್ಕೋ ಹೇಳಿ ಅವಕ್ಕವಕ್ಕೇ ಚರ್ಚೆ.

ಮನೆ ಶುದ್ದಿ ಮಾತಾಡುವ ಜಾಗೆಲಿ ಈ ಗಿಟಾರು ಡ್ರಮ್ಮಿನವರ ಸಂಗತಿ ಎಂತಗೆ ಹೇಳಿ ನಿಂಗೊ ಕೇಳುವಿ. ಆನು ಬೀಟಲ್ಸಿನ ಅಭಿಮಾನಿ ಅಲ್ಲ. ಅಭಿಮಾನಿ ಎಂಗಳ ಭಾವ. ಸುರತ್ಕಲ್ಲಿಲಿ ಇಂಜಿನಿಯರಿಂಗು ಕಲಿವಗ ಹಾಸ್ಟೆಲಿನ ಆರದ್ದೋ ಟೇಪ್‌ರೆಕಾರ್ಡರಿಲಿ ಕೇಳಿ ಹಿಡುದ ಮರುಳು, ಅರುವತ್ತು ಕಳುದರೂ ಬಿಟ್ಟಿದಿಲ್ಲೆ. ಅವು ಮಾವನ ತಿಥಿಗೆ ಬೆಂಗ್ಳೂರಿಂದ ಬಂದಿಪ್ಪಗ ಮಾಣಿ ಈ ಸಿನೆಮವ ಟೀವಿಗೆ ಹಾಕಿ ಕೊಟ್ಟ°. ಮೂರು ಇರುಳು ಕೂದು ನೋಡಿದವು. ಬಾಳೆಲೆ ಉದ್ದಿಗೊಂಡು ಹತ್ರೆ ಕೂದ ಆನು ಕಡೆಕಡೆಗೆ ಎಲೆಯ ಬಿಟ್ಟು ಸಿನೆಮವನ್ನೇ ನೋಡಿದೆ. ಎಂತಗೆ ಹೇಳಿರೆ ಅದರಲ್ಲಿ ಸಂಗೀತಂದ ಹೆಚ್ಚು ಇಪ್ಪದು ಮನೆ ಶುದ್ದಿಯೇ. ಒಬ್ಬ° ತಡವಾಗಿ ಬತ್ತ°, ಒಬ್ಬ° ಆಕಳಿಸುತ್ತ°, ಚಾಯ ಬತ್ತು, ಟೋಸ್ಟು ಬತ್ತು, ಒಬ್ಬ° ಹೇಳಿದ್ದದು ಇನ್ನೊಬ್ಬಂಗೆ ತಾಗುತ್ತು, ತಾಗಿದ್ದರ ಅವ° ಬಾಯಿ ಬಿಟ್ಟು ಹೇಳ್ತಾಯಿಲ್ಲೆ.

ಕಥೆ ರಜ್ಜ ಹಿಂದಂದ ಹೇಳೆಕ್ಕು. ನಾಲ್ಕು ಜೆನವೂ ಲಿವರ್‌ಪೂಲ್ ಹೇಳ್ತ ಬಂದರಿನ ಊರಿನವು. 1969ರ ಜನವರಿಲಿ ಜಾನ್ ಲೆನನ್ ಮತ್ತೆ ರಿಂಗೋ ಸ್ಟಾರ್ 28 ವರ್ಷದವು, ಪಾಲ್ ಮೆಕಾರ್ಟ್ನಿಗೆ 26, ಜಾರ್ಜ್ ಹ್ಯಾರಿಸನ್ನಿಂಗೆ 25. ಇದರ ಕೇಳಿ ಎಂಗಳ ಮಾಣಿಗೆ ಆಶ್ಚರ್ಯ ಆತು. ಅವಂಗೂ ಅಷ್ಟೇ ಪ್ರಾಯ. ಅಭಿಮಾನಿಗೊ ತುಂಬ ಜೆನ 'ಗೆಟ್ ಬ್ಯಾಕ್' ನೋಡಿಕ್ಕಿ ಮದಾಲು ಹೇಳಿದ್ದು ಇದನ್ನೇ: ಇವು ಇಷ್ಟು ಸಣ್ಣವಾ! ಗಡ್ಡ ಬಿಟ್ಟ ಮೋರೆಗಳ ಪಟಲ್ಲಿ ನೋಡಿ ನೋಡಿ, ಇವು ಹುಟ್ಟುವಗಳೇ ಹಿರಿಯರು ಹೇಳಿ ಅಂದಾಜಿ ಮಾಡಿಗೊಂಡಿತ್ತಿದ್ದವು ಕಾಣ್ತು.

ಇವಕ್ಕೊಬ್ಬ° ಯಜಮಾನ° ಇತ್ತಿದ್ದ°, ಬ್ರಯನ್ ಎಪ್‌ಸ್ಟೈನ್ ಹೇಳಿ. ಲೆಕ್ಕ, ಕಾಗದ, ಆಟ ಎಲ್ಲಿ, ಅಂಗಿ ಯಾವುದು, ಎಲ್ಲ ನೋಡಿಗೊಂಡಿದ್ದದು ಅವನೇ. 1967ರ ಆಗಸ್ಟಿಲಿ ಅವ° ತೀರಿಗೊಂಡ°, 32 ವರ್ಷ ಪ್ರಾಯಕ್ಕೆ. ಅದರಿಂದ ಒಂದು ವರ್ಷ ಮದಲೇ ಇವು ಊರೂರು ತಿರುಗಿ ಆಟ ಕೊಡುದರ ನಿಲ್ಸಿತ್ತಿದ್ದವು. ತಿರುಗಾಟ ಇಲ್ಲದ್ದ ಮೇಳ, ಯಜಮಾನ° ಇಲ್ಲದ್ದ ಮನೆ. ನಮ್ಮ ಹೊಡೆಲಿ ಯಕ್ಷಗಾನ ಮೇಳಂಗಳ ಕಂಡವಕ್ಕೆ ಇದರ ಹೆಚ್ಚು ಬಿಡುಸಿ ಹೇಳೆಡ.

ಹೀಂಗಿಪ್ಪಗ ಪಾಲ್ ಹೆರಡ್ಸಿದ್ದು ಒಂದು ಯೋಜನೆ. ಹದ್ನಾಲ್ಕು ಹೊಸ ಪದ ಕಟ್ಟುದು, ಜೆನರ ಎದುರು ಹಾಡುದು, ಆ ತಯಾರಿಯ ಎಲ್ಲ ಚಿತ್ರ ತೆಗವದು. ರಿಂಗೋವಿಂಗೆ ಫೆಬ್ರವರಿ ಸುರುವಿಂಗೆ ಬೇರೊಂದು ಸಿನೆಮಲ್ಲಿ ಪಾತ್ರ ಇದ್ದ ಕಾರಣ ಒಂದೇ ತಿಂಗಳಿಲಿ ಮುಗಿಶೆಕ್ಕು. ಚಿತ್ರ ತೆಗದವ° ಮೈಕಲ್ ಲಿಂಡ್ಸೆ-ಹಾಗ್, ಅವಂದೇ 28ರ ಮಾಣಿ. ಅವಂಗೆ ಲಿಬಿಯಾ ದೇಶದ ಹಳೇ ರೋಮನ್ ರಂಗಸ್ಥಳಲ್ಲಿ ಆಟ ಆಯೆಕ್ಕು, ಹಡಗಿಲಿ ಅಭಿಮಾನಿಗಳ ಕರಕ್ಕೊಂಡು ಹೋಯೆಕ್ಕು ಹೇಳಿ ಆಶೆ. ರಿಂಗೋ ದೇಶ ಬಿಟ್ಟು ಹೆರಡ್ಲೆ ಒಪ್ಪಿದ್ದನೇ ಇಲ್ಲೆ. (ಇದೇ ರಿಂಗೋ 1968ರಲ್ಲಿ ರಿಷಿಕೇಶಕ್ಕೆ ಧ್ಯಾನ ಕಲಿವಲೆ ಬಂದವ°, ಹತ್ತು ದಿನಲ್ಲಿ ವಾಪಾಸು ಹೋಯಿದ°. ಅವಂಗೆ ಮನೆ ಊಟವೇ ಆಯೆಕ್ಕು.)

ಜನವರಿ 2ಕ್ಕೆ ಟ್ವಿಕೆನ್‌ಹ್ಯಾಮ್ ಹೇಳ್ತ ಸಿನೆಮ ಸ್ಟುಡಿಯೋಲ್ಲಿ ಸುರು. ಗೋದಾಮಿನ ಹಾಂಗಿಪ್ಪ ದೊಡ್ಡ ಜಾಗೆ, ಚಳಿ, ಉದಿಯಪ್ಪಗಳೇ ಬರೆಕ್ಕು, ಸುತ್ತ ಕೆಮರ. ಆರಕ್ಕೆ ಪಾಲಿಂಗೂ ಜಾರ್ಜಿಂಗೂ ಗಿಟಾರು ಬಾರ್ಸುವ ಕ್ರಮದ ಮೇಗೆ ಒಂದು ಮಾತಾತು. ನೀನು ಹೇಳಿದ ಹಾಂಗೆ ಬಾರ್ಸುತ್ತೆ, ಬೇಡ ಹೇಳಿರೆ ಬಾರ್ಸುತ್ತೇ ಇಲ್ಲೆ ಹೇಳ್ತ ಅರ್ಥದ್ದು ಜಾರ್ಜಿನ ಉತ್ತರ. ಒಚ್ಚೆ ಇಲ್ಲೆ, ಬೊಬ್ಬೆ ಇಲ್ಲೆ. ಅಟ್ಟುಂಬೊಳಲ್ಲಿ ಸೌಟು ಕೆಳ ಮಡುಗಿ 'ಹಾಂಗಾರೆ ನಿಂಗಳೇ ಮಾಡಿ' ಹೇಳಿದ ಹಾಂಗೆ. ಹತ್ತನೇ ತಾರೀಕು ಶುಕ್ರವಾರ ಮಜ್ಜಾನದ ಊಟದ ಹೊತ್ತಿಂಗೆ ಜಾರ್ಜ್ ಮೇಳ ಬಿಡ್ತೆ ಹೇಳಿಕ್ಕಿ ಎದ್ದು ಹೋದ°. ಮತ್ತೆ ಮಾತುಕತೆ ಆಗಿ, ಜಾಗೆ ಬದಲ್ಸಿ, 21ಕ್ಕೆ ಅವರದ್ದೇ ಆಪೀಸಿನ ನೆಲಮಾಳಿಗೆಲಿ, ಸೆವಿಲ್ ರೋ ಮಾರ್ಗದ 3ನೇ ನಂಬ್ರ ಕಟ್ಟೋಣಲ್ಲಿ, ಪುನಾ ಸುರು ಆತು. 22ಕ್ಕೆ ಬಿಲ್ಲಿ ಪ್ರೆಸ್ಟನ್ ಹೇಳ್ತ ಅಮೆರಿಕದ ಕೀಬೋರ್ಡಿನವ° ಬಂದ°. ನೆಂಟ್ರು ಬಂದಿಪ್ಪಗ ಮನೆಯವು ಜಗಳ ಮಾಡವು; ಹಾಂಗೇ ಆತು. 30ಕ್ಕೆ ಅದೇ ಕಟ್ಟೋಣದ ಮಾಡಿನ ಮೇಗೆ ಹತ್ತಿ 42 ನಿಮಿಷ ಹಾಡಿದವು, ಪೋಲೀಸು ಬಪ್ಪನ್ನಾರ. ಜೆನರ ಎದುರು ಆ ನಾಲ್ಕು ಜೆನ ಒಟ್ಟಿಂಗೆ ಹಾಡಿದ್ದು ಅದೇ ಅಕೇರಿ.

ಕೆಳ ಮಾರ್ಗಲ್ಲಿ ನಿಂದವರ ಹತ್ರೆ ಮೈಕು ಹಿಡುದು ಕೇಳಿದ್ದವು. ಆಪೀಸಿಂಗೆ ಹೋಪ ಕೂಸುಗೊಕ್ಕೆ ಕೊಶಿ. ಕೋಟು ಹಾಕಿದ ಯಾಪಾರಿಗೊಕ್ಕೆ ಪಿಸುರು. ಒಂದು ಅಜ್ಜಿ ಮಾಂತ್ರ, ಎನ್ನ ಒರಕ್ಕು ಹಾಳಾತು ಹೇಳಿ ಬೈದತ್ತು. ಆ ಅಜ್ಜಿಯ ಮೇಗೆ ಎನಗೆ ಭಾರೀ ಪ್ರೀತಿ ಬಂತು. ಚರಿತ್ರೆ ಹೇಳಿರೆ ಎಂತರ ಹೇಳಿ ಗೊಂತಿಲ್ಲದ್ದೆ ಮಜ್ಜಾನಕ್ಕೆ ಒರಗುವ ಅಜ್ಜಿ.

ಇನ್ನು ಸಿನೆಮದ ವಿಷಯ. ತೆಗದು ಮಡುಗಿದ್ದರ ಕತ್ತರುಸಿ ಜೋಡುಸಿ ಹೆರ ತಪ್ಪಗ ಒಂದೂಕಾಲು ವರ್ಷ ಕಳುದತ್ತು. ಅಷ್ಟೊತ್ತಿಂಗೆ 1970ರ ಎಪ್ರಿಲ್ 10ಕ್ಕೆ ಪಾಲ್ ಮೇಳ ಬಿಟ್ಟ° ಹೇಳಿ ಪೇಪರಿಲಿ ಬಂದಾತು. ಮೇ 13ಕ್ಕೆ ನ್ಯೂಯೋರ್ಕಿಲಿ, 20ಕ್ಕೆ ಲಂಡನಿಲಿ 'ಲೆಟ್ ಇಟ್ ಬಿ' ಸುರು. ಲಂಡನಿಲಿ ಮದಲಾಣ ಆಟಕ್ಕೆ ನಾಲ್ಕರಲ್ಲಿ ಒಬ್ಬನೂ ಬಯಿಂದನಿಲ್ಲೆ. ಹಾಂಗಾಗಿ ಟಾಕೀಸಿಂಗೆ ಹೋದ ಅಭಿಮಾನಿಗೊ ಹೋದ್ದದು ಸಿನೆಮಕ್ಕೆ ಅಲ್ಲ, ವಿಚಾರುಸಿಗೊಂಡು ಬಪ್ಪಲೆ. ಟೀವಿಗೆ ಹೇಳಿ 16 ಎಮ್ಮೆಮ್ಮಿನ ಸಣ್ಣ ರೀಲಿಲಿ ತೆಗದ್ದರ ದೊಡ್ಡ ಪರದೆಗೆ ಹಿಗ್ಗುಸಿದ ಕಾರಣ ಚಿತ್ರ ಮಸ್ಕು ಮಸ್ಕು. ಆ ಮಸ್ಕಿನೊಳ ಒಂದು ಗಿಟಾರಿನ ತರ್ಕ, ಒಂದು ಮೂಲೆಲಿ ಕಪ್ಪು ತಲೆಕಸವು ಬಿಟ್ಟ ಜಪಾನಿನ ಹೆಮ್ಮಕ್ಕೊ. ನೋಡಿದವಕ್ಕೆ ಸಾಕಾತು. ಒಡದ್ದು ಹೀಂಗೆ, ಒಡದ್ದು ಇದರಿಂದ.

ಇಲ್ಲಿ ಒಂದು ಸಂಗತಿಯ ನಿಂಗೊ ಗಮನ್ಸೆಕ್ಕು. ಜಾರ್ಜ್ ಎದ್ದು ಹೋದ್ದದು ಆ ಸಿನೆಮಲ್ಲಿ ಇಲ್ಲೆ. ಅದರ ತೋರ್ಸಲೆ ಲಿಂಡ್ಸೆ-ಹಾಗಿಂಗೆ ಮೇಳದವು ಬಿಟ್ಟಿದವಿಲ್ಲೆ. ನಿಜವಾಗಿ ಮನೆ ಒಡವಲೆ ಹೆರಟ ದಿನವ ಹುಗ್ಗುಸಿ, ಬಾಕಿದ್ದರ ತೋರ್ಸಿ ಆತು. ನೋಡಿದವು ಖಾಲಿ ಜಾಗೆಯ ಅವಕ್ಕೆ ಬೇಕಾದ್ದರಲ್ಲಿ ತುಂಬ್ಸಿಗೊಂಡವು. ಸಾಲದ್ದಕ್ಕೆ ಪಾಲಾದ ಮತ್ತೆ ಅಣ್ಣತಮ್ಮಂದ್ರ ಮಾತುಗೊ. 1970ರ ಡಿಸೆಂಬರಿಲಿ 'ರೋಲಿಂಗ್ ಸ್ಟೋನ್' ಪತ್ರಿಕೆಗೆ ಕೊಟ್ಟ ಸಂದರ್ಶನಲ್ಲಿ ಜಾನ್, ಆ ಸಿನೆಮ ಪಾಲ್ ಪಾಲಿಂಗಾಗಿಯೇ ಮಾಡ್ಸಿಗೊಂಡದು ಹೇಳಿದ°. ಅದೇ ತಿಂಗಳ 31ಕ್ಕೆ ಪಾಲ್ ಕೋರ್ಟಿಂಗೆ ಹೋದ°, ಪಾಲುದಾರಿಕೆ ಮುರುದು ಕೊಡಿ ಹೇಳಿ. ಹೆಸರೇ ಪಾಲ್, ಪಾಲು ಕೇಳಿದ್ದೂ ಅವನೇ ಹೇಳುದು ಎಂಗಳ ಭಾವನ ಹಳೇ ಕುಶಾಲು.

ಮತ್ತೆ ಸಿನೆಮವೇ ಕಾಣೆ ಆತು. 1980ರ ದಶಕದ ಸುರುವಿಲಿ ಕೆಸೆಟ್ಟಿಲಿ ಬಂತು, ಅದು ಮುಗುದ ಮತ್ತೆ ನಲುವತ್ತು ವರ್ಷ ಅಧಿಕೃತವಾಗಿ ಎಲ್ಲಿಯೂ ಸಿಕ್ಕ. ಅಭಿಮಾನಿಗೊ ಕೋಪಿ ಮಾಡಿಗೊಂಡು, ಕೋಪಿಯ ಕೋಪಿ ಮಾಡಿಗೊಂಡು ನೋಡಿದವು. ಭಾವ ನೋಡಿದ್ದದು ಹಾಂಗಿಪ್ಪ ಒಂದರ, ಒಬ್ಬ° ಸಹೋದ್ಯೋಗಿಯ ವೀಸಿಆರಿಲಿ, ಪರದೆ ಇಡೀ ಮಳೆ ಬಂದ ಹಾಂಗೆ ಗೆರೆ ಅಡ. ಧ್ವನಿಯ ಟೇಪುಗಳೂ ಕದ್ದು ಹೆರ ಹೋಗಿತ್ತಿದ್ದು. 2003ರ ಜನವರಿಲಿ ಪೋಲೀಸಿನವಕ್ಕೆ ಸುಮಾರು 500 ಟೇಪು ವಾಪಾಸು ಸಿಕ್ಕಿತ್ತು, ಹೆಚ್ಚಿನದ್ದು ನೆದರ್‌ಲೇಂಡಿಲಿ. ಪಕ್ಕಾ ಮರುಳಿನವು ಅದರ ಗಂಟೆಗಟ್ಳೆ ಕೇಳಿ ಬರದು ಮಡಿಗಿದವು. ಆದರೆ ಸಾಮಾನ್ಯ ಅಭಿಮಾನಿಗೆ ಇದ್ದದು ನೆಂಪು ಮಾಂತ್ರ. ನೋಡಿದ ಸಿನೆಮ ಮಸ್ಕು ಆದಷ್ಟುದೆ ತೀರ್ಪು ಗಟ್ಟಿ ಆತು: ಪಾಲ್ ಯಜಮಾನಿಕೆ ಮಾಡಿದ°, ಯೋಕೊ ಮನೆ ಒಡದತ್ತು.

ಈಗ ಪೀಟರ್ ಜಾಕ್ಸನ್ನಿನ ಕೈಗೆ ಸಿಕ್ಕಿದ್ದು ಸುಮಾರು 60 ಗಂಟೆ ಚಿತ್ರ, 150 ಗಂಟೆಗೆ ಮಿಕ್ಕಿದ ಧ್ವನಿ. ಚಿತ್ರವ ತೊಳದ ಹಾಂಗೆ ಚೆಂದ ಮಾಡಿದವು, ಜಾರ್ಜಿನ ಅಂಗಿಯ ಬಣ್ಣ ಕೂಡಾ ಕಾಂಬ ಹಾಂಗೆ. ಅದರಿಂದ ದೊಡ್ಡ ಕೆಲಸ ಆದ್ದದು ಧ್ವನಿಲಿ. ಇವಕ್ಕೆ ಗುಟ್ಟಿನ ಮಾತು ಇಪ್ಪಗ ಗಿಟಾರಿನ ಸುಮ್ಮನೆ ಜೋರು ಬಾರ್ಸಿಗೊಂಡು ಮಾತಾಡುವ ಅಭ್ಯಾಸ ಇತ್ತಿದ್ದು, ಮೈಕಿಂಗೆ ಸಿಕ್ಕದ್ದ ಹಾಂಗೆ. ನಾವು ಮಿಕ್ಸಿ ತಿರುಗುವಗ ಮಾತಾಡ್ತಿಲ್ಲೆಯಾ, ಹಾಂಗೇ. ಜಾಕ್ಸನ್ನಿನ ಜೆನಂಗೊ ಕಂಪ್ಯೂಟರಿಂಗೆ ಸ್ವರ ಏವದು ತಂತಿ ಏವದು ಹೇಳಿ ಕಲಿಶಿ, ಗಿಟಾರಿನ ತೆಗದು ಮಾತಿನ ಮಾಂತ್ರ ಒಳುಶಿದವು. ಐವತ್ತು ವರ್ಷ ಕಳುದು ಮಿಕ್ಸಿ ನಿಂದತ್ತು, ಮಾತು ಕೇಳಿತ್ತು.

ಕೇಳಿ ಅಭಿಮಾನಿಗೊ ಎಂತ ಮಾಡಿದವು? ಸುಮಾರು ಜೆನ ಕೂಗಿದವು. ಕೊರೋನ ಕಾಲ, ಮನೆಲೇ ಬಾಕಿ ಆದವು ಎಂಟು ಗಂಟೆ ಈ ನಾಲ್ಕು ಜೆನರೊಟ್ಟಿಂಗೆ ಕೂಪಲೆ ಸಿಕ್ಕಿದ್ದೇ ಭಾಗ್ಯ ಹೇಳಿ ಗ್ರೇಶಿದವು. ಬೋರು ಹೇಳಿದವೂ ಇದ್ದವು, ಒಂದೇ ಪದವ ಇಪ್ಪತ್ತು ಸರ್ತಿ ಕೇಳ್ಲೆಡಿಯ ಹೇಳಿ. ಅದು ಸುಳ್ಳಲ್ಲ, ಎರಡ್ಣೇ ಇರುಳು ಆನು ಒಂದರಿ ತೂಕಡ್ಸಿದ್ದೆ. ಎಲ್ಲೋರೂ ಹೇಳುವ ಒಂದು ಜಾಗೆ ಇದ್ದು. ಜಾನ್ ಇನ್ನೂ ಬಯಿಂದನಿಲ್ಲೆ, ಪಾಲ್ ಬೇಸ್ ಗಿಟಾರಿನ ಸುಮ್ಮನೆ ಕೆರಕ್ಕೊಂಡು ಕೂಯಿದ°, ಹತ್ರೆ ಜಾರ್ಜ್ ಆಕಳಿಸುತ್ತ°, ರಿಂಗೋ ನೋಡ್ತಾ ಇದ್ದ°. ಎಂತದೂ ಅಲ್ಲದ್ದ ಆ ಶಬ್ದ ಎರಡು ನಿಮಿಷಲ್ಲಿ ಮೆಲ್ಲಂಗೆ ರೂಪ ಹಿಡುದು 'ಗೆಟ್ ಬ್ಯಾಕ್' ಪದ ಆವುತ್ತು, ನಮ್ಮ ಕಣ್ಣೆದುರೇ. ಕೆಲಸ ಮಾಡುವವಕ್ಕೆ ಗೊಂತಿದ್ದು, ಒಳ್ಳೆದು ಹುಟ್ಟುವಗ ಹತ್ರೆ ಇದ್ದವ° ಆಕಳಿಸುದೇ.

ಇನ್ನೊಂದು, ಮಾಲ್ ಇವಾನ್ಸ್. ಮೇಳದ ಸಾಮಾನು ಹೊರ್ತ ಎತ್ತರದ ಜೆನ. ಒಂದು ಪದಕ್ಕೆ ಬಡಿವಲೆ ಕಮ್ಮಾರನ ಅಡಿಗಲ್ಲು ಬೇಕು ಹೇಳಿರೆ ತಂದು ಕೊಡ್ತ°, ಪದ ಬರಕ್ಕೊಂಬಲೆ ಕೂರ್ತ°, ಅಕೇರಿಗೆ ಮಾಡಿನ ಮೇಗೆ ಪೋಲೀಸಿನವರ ಸಮಾದಾನ ಮಾಡ್ತ°. 1970ರಲ್ಲಿ ಆರುದೇ ಅವನ ಹೆಸರು ಹೇಳಿದ್ದವಿಲ್ಲೆ. ಈಗ ಪ್ರಾಯದ ಮಕ್ಕೊ ಅವನನ್ನೇ ಮೆಚ್ಚಿದವು. ಜೆಂಬ್ರ ಮುಗುದ ಮತ್ತೆ ಬಡುಸಿದವರ ನೆಂಪಪ್ಪದು ಅಪರೂಪ, ಅಲ್ಲದಾ.

ಆದರೆ ಎಲ್ಲೋರ ಕಣ್ಣು ಹುಡ್ಕಿದ್ದು ಯೋಕೊ ಓನೊವಿನ. ಮದಲಾಣ ದಿನಂದ ಕಡೇವರೆಗೆ ಅದು ಜಾನಿನ ಕೈಹೊಡೆಲಿ ಕೂದೊಂಡಿದ್ದು. ಎಂತ ಮಾಡ್ತು? ಪೇಪರು ಓದುತ್ತು. ಬಂದ ಕಾಗದ ನೋಡ್ತು. ಚೂಯಿಂಗ್ ಗಮ್ಮಿನ ಕಾಗದ ಬಿಡುಸುತ್ತು. ಪಾಲಿನ ಮದುವೆ ಅಪ್ಪಲಿಪ್ಪ ಲಿಂಡಾ ಬಂದಿಪ್ಪಗ ಅದರೊಟ್ಟಿಂಗೆ ಪಂಚಾತಿಗೆ ಹಾಕುತ್ತು. ಲಿಂಡಾನ ಆರು ವರ್ಷದ ಕೂಸು ಒಂದು ದಿನ ಬಂದು ಯೋಕೊವಿನ ಹಾಂಗೇ ಮೈಕಿಲಿ ಕಿರುಚ್ಚಿ ಎಲ್ಲೋರ ನೆಗೆ ಮಾಡ್ಸುತ್ತು. ಮನೆ ಒಡವ ಕೆಲಸ ಏವಗ ಮಾಡಿತ್ತು ಹೇಳಿ ಅಭಿಮಾನಿಗೊ ಹುಡ್ಕಿಗೊಂಡು ಹೋದವು, ಎಂಟು ಗಂಟೆ ಮುಗುದತ್ತು.

ಪೂರ್ತಿ ಬಿಟ್ಟುಕೊಡದ್ದವುದೇ ಇದ್ದವು. ಅವು ತೋರ್ಸುದು ಹತ್ತನೇ ತಾರೀಕಿನ. ಜಾರ್ಜ್ ಎದ್ದು ಹೋದ ಮತ್ತೆ ಅವ° ಕೂದೊಂಡಿದ್ದ ನೀಲಿ ದಿಂಬಿಲಿ ಯೋಕೊ ಕೂದು ಕಿರುಚ್ಚಿತ್ತು, ಬಾಕಿ ಮೂರು ಜೆನವೂ ಕೆಮಿ ಹೊಟ್ಟುವ ಹಾಂಗೆ ಬಾರ್ಸಿದವು. ಮತ್ತೆ, ಕೆಲಸದ ಜಾಗೆಲಿ ದಿನಾಗಿಳೂ ಬಂದು ಎಂತಗೆ ಕೂರೆಕ್ಕು ಹೇಳಿಯೂ ಕೇಳಿದವು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಪ್ರಶ್ನೆಯ ಕೇಳೆಕ್ಕಾದ್ದು ಜಾನಿನ ಹತ್ರೆ. ಕರಕ್ಕೊಂಡು ಬಂದು ಹತ್ರೆ ಕುರ್ಚಿ ಎಳದವ° ಅವ°. ಒಂದು ದಿನವೂ ಆರೂ ಅವನತ್ರೆ ಬಾಯಿ ಬಿಟ್ಟು ಕೇಳಿದ್ದು ಕೆಮರಲ್ಲಿ ಇಲ್ಲೆ. ಪಾಲ್ ಮಾಂತ್ರ, ಜಾರ್ಜ್ ಹೋದ ಮತ್ತಾಣ ಸೋಮವಾರ, ಅವಕ್ಕಿಬ್ರಿಂಗೂ ಒಟ್ಟಿಂಗೆ ಇರೆಕ್ಕು ಹೇಳಿ ಇದ್ದರೆ ಇರಳಿ ಹೇಳ್ತ°. ಇನ್ನು ಐವತ್ತು ವರ್ಷ ಕಳುದರೆ ಜೆನಂಗೊ, ಯೋಕೊ ಒಂದು ಆಂಪ್ಲಿಫೈಯರಿನ ಮೇಗೆ ಕೂದ ಕಾರಣ ಬೀಟಲ್ಸ್ ಒಡದತ್ತು ಹೇಳುಗು, ಎಂತ ತಮಾಶೆ ಅಲ್ಲದಾ ಹೇಳಿಯೂ ಹೇಳ್ತ°.

ಎಂಗಳ ಮನೆಯೂ ಪಾಲಾದ್ದದೇ. ಆನು ಮದುವೆ ಆಗಿ ಬಪ್ಪಂದ ಹದ್ನೈದು ವರ್ಷ ಮದಲು. ಎಂತಗೆ ಪಾಲಾತು ಹೇಳಿ ಬಂದ ಸುರುವಿಲಿ ಆರತ್ರೆ ಕೇಳಿರೂ ಒಂದೇ ಉತ್ತರ: ಸಣ್ಣತ್ತೆಂದಾಗಿ. ಮಾವನ ತಮ್ಮನ ಹೆಂಡತ್ತಿ. ಅವು ಘಟ್ಟದ ಮೇಗಾಣವು, ಶಿರಸಿ ಹೊಡೆಯವು. ಹವ್ಯಕರೇ ಆದರೂ ಮಾತು ಬೇರೆ, ಎಂಗಳ 'ಹೇಂಗೆ' ಅವಕ್ಕೆ 'ಹ್ಯಾಂಗೆ'. ಅಡಿಗೆಯ ಹದ ಬೇರೆ. ಅವರ ಮೇಗೆ ಇದ್ದ ದೊಡ್ಡ ಆರೋಪ ಎಂತರ ಗೊಂತಿದ್ದಾ? ಅಣ್ಣತಮ್ಮಂದ್ರು ಜೆಗಿಲಿಲಿ ಅಡಕ್ಕೆ ಲೆಕ್ಕ ಮಾತಾಡುವಗ ಬಾಗಿಲ ಹತ್ರೆ ಬಂದು ಕೂದೊಂಡಿತ್ತಿದ್ದವು ಹೇಳಿ. ಅವು ಅಲ್ಲಿ ಎಂತ ಹೇಳಿದವು ಕೇಳಿರೆ ಒಬ್ಬಂಗೂ ನೆಂಪಿಲ್ಲೆ. ಕೂದ್ದು ಮಾಂತ್ರ ಎಲ್ಲೋರಿಂಗೂ ನೆಂಪಿದ್ದು. ಪಾಲುಪಟ್ಟಿ ಎಂಗಳ ಕಪಾಟಿಲೇ ಇದ್ದು. ಅಜ್ಜ° ತೀರಿಹೋಗಿ ಎರಡು ವರ್ಷಲ್ಲಿ ಬರದ್ದದು. ಅಜ್ಜ° ಇಪ್ಪಗ ತೋಟಕ್ಕೆ ಹೇಳಿ ತೆಗದ ಸಾಲ ಆರ ತಲೆಗೆ ಹೇಳುದೇ ಅದರಲ್ಲಿ ಎರಡು ಪುಟ. ಓದಲೆ ಹೇಳಿ ಆರೂ ತೆಗದ್ದವಿಲ್ಲೆ. ಸಣ್ಣತ್ತೆ ಮತ್ತೆ ಮೂವತ್ತು ವರ್ಷ, ಜೆಂಬ್ರಕ್ಕೆ ಬಂದರೆ ಹಿಂದಾಣ ಬಾಗಿಲಿಲಿ ಬಂದು, ಸುಟ್ಟೆವಿಗೆ ಎಣ್ಣೆ ಕಾಸಿಕ್ಕಿ ಹೋದವು.

ಪಾಲ್ ಆ ಆಂಪ್ಲಿಫೈಯರಿನ ಮಾತು ಹೇಳುವಗ ಭಾವ ರಿಮೋಟು ಒತ್ತಿ ಸಿನೆಮ ನಿಲ್ಸಿದವು. ರಜ್ಜ ಹೊತ್ತು ಎಂತೂ ಮಾತಾಡಿದ್ದವಿಲ್ಲೆ. 'ಚಿಕ್ಕಬ್ಬೆ' ಹೇಳಿದವು. ಮತ್ತೆ ಪುನಾ ಹಾಕಿದವು.

ಹಾಂಗಾರೆ ಬೀಟಲ್ಸ್ ಒಡದ್ದದು ಎಂತಗೆ? ಸಿನೆಮವ ಸರೀ ನೋಡಿದ ಅಭಿಮಾನಿಗೊ ಈಗ ಬೇರೆ ಜಾಗೆ ತೋರ್ಸುತ್ತವು. ಒಂದು, ಸಣ್ಣ ತಮ್ಮ°. ಜಾರ್ಜ್ ಸೇರುವಗ ಶಾಲೆಗೆ ಹೋಪ ಮಾಣಿ. 25 ಆದರೂ ಅಣ್ಣಂದ್ರ ಕಣ್ಣಿಂಗೆ ಅವ° ಮಾಣಿಯೇ. 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಹೇಳ್ತ ಅವನ ಪದವ ಆ ತಿಂಗಳಿಲಿ ಎಷ್ಟೋ ಸರ್ತಿ ಎತ್ತಿ, ಬಿಟ್ಟವು. 1970ರ ನವೆಂಬರಿಲಿ ಅವ° ಅದೇ ಹೆಸರಿಲಿ ಮೂರು ರೆಕಾರ್ಡಿನ ಒಂದು ಕಟ್ಟ ಹೆರ ತಂದ°. ಅಷ್ಟು ಪದ ಒಳ ಹುಗ್ಗುಸಿ ಮಡಿಗಿತ್ತಿದ್ದ° ಮಾಣಿ. ಅವ° ಎದ್ದು ಹೋದ ಮೂರ್ನೇ ದಿನ ಜಾನುದೇ ಪಾಲುದೇ ಊಟದ ಕೋಣೆಲಿ ಮಾತಾಡುವಗ ಲಿಂಡ್ಸೆ-ಹಾಗ್ ಹೂಗಿನ ಚಟ್ಟಿಲಿ ಮೈಕು ಹುಗ್ಗುಸಿ ಮಡಿಗಿತ್ತಿದ್ದ°. ಇದು ಗಾಯ, ಕೀವು ಆವುತ್ತಾ ಬಂತು, ನಾವು ಒಂದು ಪಟ್ಟಿ ಕೂಡ ಕಟ್ಟಿದ್ದಿಲ್ಲೆ ಹೇಳ್ತ ಅರ್ಥಲ್ಲಿ ಜಾನ್ ಅಲ್ಲಿ ಹೇಳ್ತ°. ಕದ್ದು ಕೇಳಿದ ಮಾತಿನ ಪರದೆಗೆ ಹಾಕಿದ್ದು ಸರಿಯಾ ಹೇಳಿ ಕೆಲವು ಅಭಿಮಾನಿಗೊ ಆಕ್ಷೇಪ ಮಾಡಿದವು. ಎನಗೂ ಮುಜುಗರ ಆತು. ಕೆಮಿ ಮಾಂತ್ರ ಮುಚ್ಚಿದ್ದಿಲ್ಲೆ.

ಎರಡ್ಣೇದು, ಪೈಸೆ. ತಿಂಗಳ ಅಕೇರಿಗೆ ಜಾನ್ ಒಂದು ದಿನ ಭಾರೀ ಉಮೇದಿಲಿ ಬಂದು ಅಲನ್ ಕ್ಲೈನ್ ಹೇಳ್ತ ಅಮೆರಿಕದ ಒಬ್ಬನ ಹೊಗಳ್ತ°, ನಮ್ಮ ಲೆಕ್ಕ ನೋಡ್ಲೆ ಇವನೇ ಸರಿ ಹೇಳಿ. ಸಿನೆಮಲ್ಲಿ ಅದು ಕೆಲವೇ ನಿಮಿಷ. ಎಪ್‌ಸ್ಟೈನ್ ಹೋದ ಕುರ್ಚಿ ಅಷ್ಟನ್ನಾರ ಖಾಲಿಯೇ ಇತ್ತಿದ್ದು. ಪಾಲಿಂಗೆ ಲಿಂಡಾನ ಅಪ್ಪನೂ ಅಣ್ಣನೂ ನೋಡಿಗೊಳ್ಳಲಿ ಹೇಳಿ. ಮೇ ತಿಂಗಳಿಲಿ ಮೂರು ಜೆನ ಕ್ಲೈನಿಂಗೆ ಒಪ್ಪಿ ದಸ್ಕತ್ತು ಹಾಕಿದವು, ಪಾಲ್ ಹಾಕಿದ್ದನಿಲ್ಲೆ. ಕೋರ್ಟಿಂಗೆ ಹೋದ್ದು ಅದೇ ದಾರಿಲಿ. 1973ರಲ್ಲಿ ಆ ಮೂರು ಜೆನವೂ ಕ್ಲೈನಿನ ಬಿಟ್ಟವು. ಈ ಕ್ಲೈನಿನ ಹೆಸರು ಹೇಳಿ ಬೈವ ಅಭಿಮಾನಿಗೊ ಯೋಕೊವಿನ ಬೈದವರ ಹತ್ತರಲ್ಲಿ ಒಂದು ಪಾಲೂ ಇಲ್ಲೆ. ಲೆಕ್ಕ ಪುಸ್ತಕ ನೋಡ್ಲೆ ಬೇಜಾರು ಜೆನಂಗೊಕ್ಕೆ.

ಮತ್ತೊಂದು ವಿಷಯ: ಆ ಜನವರಿಲಿ ಮೇಳ ಒಡದ್ದೇ ಇಲ್ಲೆ! ಅದಾದ ಮತ್ತೆ ಇವು ನಾಲ್ಕುದೇ ಸೇರಿ 'ಆಬ್ಬಿ ರೋಡ್' ಮಾಡಿದವು, 1969ರ ಸೆಪ್ಟೆಂಬರ್ 26ಕ್ಕೆ ಅದು ಹೆರ ಬಂತು. ಹದ್ನಾರು ತಿಂಗಳು ಹಳತ್ತಾದ ಚಿತ್ರವ ಒಡದ ಸುದ್ದಿ ಬಂದ ಮತ್ತೆ ನೋಡಿದ ಕಾರಣ ಅದು ಒಡದ್ದರ ಚಿತ್ರ ಆತು.

'ಗೆಟ್ ಬ್ಯಾಕ್' ನೋಡಿ ಕೊಶಿಪಟ್ಟವರ ಎಡೆಲಿ ಸಂಶಯ ಪಟ್ಟವುದೇ ಇದ್ದವು, ಅವರ ಮಾತಿಲಿಯೂ ಹುರುಳಿದ್ದು. ಪಾಲ್, ರಿಂಗೋ, ಯೋಕೊ, ಜಾರ್ಜಿನ ಹೆಂಡತ್ತಿ ಒಲಿವಿಯಾ, ಎಲ್ಲೋರ ಹೆಸರುದೇ ನಿರ್ಮಾಪಕರ ಸಾಲಿಲಿ ಇದ್ದು. ಮನೆಯವೇ ಬರೆಶಿದ ಮನೆತನದ ಚರಿತ್ರೆ ಅದು. ಕೆಮರ ನಿಂದು ಟೇಪು ಮಾಂತ್ರ ತಿರುಗಿಗೊಂಡಿದ್ದ ಹೊತ್ತಿನ ಮಾತಿಂಗೆ ಬೇರೆ ಹೊತ್ತಿನ ಮೋರೆಗಳ ಜೋಡುಸಿದ್ದೂ ಇದ್ದು. ಹಳೇ ಟೇಪು ಬಾಯಿಪಾಠ ಇಪ್ಪವು ಇದರ ಕೂಡ್ಲೆ ಹಿಡುದವು. ಐವತ್ತೆರಡು ಗಂಟೆ ಇನ್ನೂ ಪೆಟ್ಟಿಗೆಲೇ ಇದ್ದು. ಆದರೂ, ಬಾಕಿ ಎಲ್ಲ ಹೇಳಿಕೆ ಕೇಳಿಕೆ ಆಗಿಪ್ಪಗ, ಎಂಟು ಗಂಟೆ ಕಣ್ಣಾರೆ ಕಾಂಬಲೆ ಸಿಕ್ಕಿದ್ದು ಸಣ್ಣ ಸಂಗತಿ ಅಲ್ಲ. 2022ರಲ್ಲಿ ಅದಕ್ಕೆ ಐದು ಎಮ್ಮಿ ಪ್ರಶಸ್ತಿ ಬಂತು.

2024ರ ಮೇ 8ಕ್ಕೆ, ಹಳೇ 'ಲೆಟ್ ಇಟ್ ಬಿ'ಯನ್ನೂ ಜಾಕ್ಸನ್ನಿನ ಜೆನಂಗಳೇ ತೊಳದು ಚೆಂದ ಮಾಡಿ ಹೆರ ತಂದವು. ಎದುರಿಂಗೆ ಒಂದು ಸಣ್ಣ ಮಾತುಕತೆ ಸೇರ್ಸಿದ್ದು ಬಿಟ್ಟರೆ ಕತ್ತರಿ 1970ರದ್ದೇ, ಅದೇ ಒಂದು ಗಂಟೆ ಇಪ್ಪತ್ತು ನಿಮಿಷ. ಇದು ಬೇಜಾರಿನ ಸಿನೆಮ ಅಲ್ಲ ಹೇಳಿ ಜೀವಮಾನ ಇಡೀ ಹೇಳಿಗೊಂಡು ಬಂದ ಲಿಂಡ್ಸೆ-ಹಾಗಿಂಗೆ ಅಂಬಗ 84 ವರ್ಷ. ನೋಡಿದ ಅಭಿಮಾನಿಗೊ ಈ ಸರ್ತಿ ನೆಗೆ ಮಾಡುವ ಮೋರೆಗಳ ಲೆಕ್ಕ ಹಾಕಿದವು. ಜಾರ್ಜ್ ಹೊಸತಾಗಿ ಬರದ ಒಂದು ಪದವ ಮೂರು ಜೆನ ಬಾರ್ಸುತ್ತವು, ಆ ತಾಳಕ್ಕೆ ಜಾನುದೇ ಯೋಕೊದೇ ಕೈ ಹಿಡ್ಕೊಂಡು ಸ್ಟುಡಿಯೋ ಇಡೀ ಸುತ್ತಿ ಸುತ್ತಿ ಕೊಣಿತ್ತವು. ಆ ಕೊಣಿವದು 1970ರಲ್ಲಿಯೂ ಸಿನೆಮಲ್ಲಿ ಇತ್ತಿದ್ದು. ಭಾವಂಗೆ ಅದು ನೆಂಪೇ ಇತ್ತಿದ್ದಿಲ್ಲೆಡ.